ಮಾತಾಡಿಸುವವರು ಬೇಕು

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ. ಭಾಷಣಕಾರರು ಬಿ.ಇ. ಪದವೀಧರರು, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ನಮ್ಮ ಶಾಲೆಯ 2004ನೇ ಸಾಲಿನ ಎಸ್.ಎಸ್.ಎಲ್.ಸಿ. ತಂಡದವರು.)



ಸಾಫ್ಟ್‌ವೇರ್ ಎಂಜಿನಿಯರ್ ಆಗುವುದು ಹೇಗೆ ಅಂತ ಮಕ್ಕಳಿಗೆ ನಾಲ್ಕು ಮಾತು ಹೇಳಿ ಎಂದು ಮುಖ್ಯೋಪಾಧ್ಯಾಯರು ಫೋನಿನಲ್ಲಿ ಹೇಳಿದ್ದರು. ಅದನ್ನು ಹೇಳುವವರು ಈಗ ಬಹಳ ಜನ ಇದ್ದಾರೆ. ಆ ಕೆಲಸಕ್ಕೆ ಸೇರಿದ ಮೇಲೆ ಒಂದು ಕಷ್ಟ ಬಂದರೆ ಏನಾಗುತ್ತದೆ ಎಂಬುದನ್ನು ಹೇಳುವವರು ಕಡಿಮೆ. ಅದನ್ನು ಮಾತಾಡಲು ಅವರ ಒಪ್ಪಿಗೆ ಕೇಳಿದೆ. ಅವರು ಒಪ್ಪಿದರು. ಅವರಿಗೆ ವಂದನೆಗಳು.

ನನ್ನ ಅಪ್ಪ ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ಪಂಚಾಯಿತಿಯಲ್ಲಿ ನೀರಗಂಟಿಯಾಗಿದ್ದರು. ಬೆಳಗಿನ ಜಾವ ನಾಲ್ಕಕ್ಕೆ ಎದ್ದು, ಟಾರ್ಚು ಹಿಡಿದು, ಬೀದಿ ಬೀದಿಯ ವಾಲ್ವು ತಿರುಗಿಸುತ್ತಿದ್ದರು. 2022ರ ಜೂನ್ ತಿಂಗಳಲ್ಲಿ ಹೃದಯಾಘಾತದಿಂದ ತೀರಿಕೊಂಡರು.

ನಮ್ಮ ಕಡೆ ಸಾವಿನ ಮನೆಗೆ ಒಂದು ಕ್ರಮ ಇದೆ. ಆ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ನೆಂಟರ ಮನೆಯಿಂದಲೋ ಪಕ್ಕದ ಮನೆಯಿಂದಲೋ ಅನ್ನ ಸಾರು ಬರುತ್ತದೆ. ಮೂರನೆಯ ದಿನ ಹಾಲುತುಪ್ಪ, ಹನ್ನೊಂದನೆಯ ದಿನ ತಿಥಿ. ಅಷ್ಟು ದಿನವೂ ಯಾರಾದರೂ ಬಂದು ಜಗುಲಿ ಮೇಲೆ ಕೂರುತ್ತಾರೆ. ಬಂದವರೆಲ್ಲ ಕೇಳುವುದು ಒಂದೇ ಪ್ರಶ್ನೆ: 'ಹೆಂಗಾಯ್ತಪ್ಪ?' ಹತ್ತು ಸಲ, ಇಪ್ಪತ್ತು ಸಲ ಅದೇ ಕಥೆ ಹೇಳಬೇಕು. ಆಗ ಅದು ಸಾಕಾಗಿ ಹೋಗುತ್ತದೆ ಅನ್ನಿಸುತ್ತಿತ್ತು. ಹೇಳಿ ಹೇಳಿಯೇ ಮನಸ್ಸು ಆ ಸಾವನ್ನು ಒಂದಿಷ್ಟು ಒಪ್ಪಿಕೊಳ್ಳುತ್ತದೆ ಎಂಬುದು ಬೆಂಗಳೂರಿಗೆ ವಾಪಸ್ ಹೋದ ಮೇಲೆ ತಿಳಿಯಿತು.

ನಮ್ಮ ಕಂಪನಿಯಲ್ಲಿ ಮನೆಯವರು ತೀರಿಕೊಂಡರೆ ಮೂರು ದಿನ ರಜೆ. ಉಳಿದದ್ದನ್ನು ನನ್ನ ಗಳಿಕೆ ರಜೆಯಿಂದ ಹಾಕಿಕೊಂಡು ತಿಥಿ ಮುಗಿಸಿ ಹೋದೆ. ಆಫೀಸಿನ ಗ್ರೂಪಿನಲ್ಲಿ ಸಂತಾಪದ ಸಂದೇಶಗಳು ಬಂದಿದ್ದವು, ಕೈಮುಗಿದ ಚಿತ್ರಗಳಿದ್ದವು. ಅವುಗಳ ಕೆಳಗೆ ಅದೇ ಸಂಜೆಯ ಇನ್ನೊಂದು ಸಂದೇಶ: ಹೊಸ ಆವೃತ್ತಿ ಬಿಡುಗಡೆ ಆಯಿತು, ಎಲ್ಲರಿಗೂ ಅಭಿನಂದನೆ. ನನ್ನ ಸಹೋದ್ಯೋಗಿಗಳು ಕೆಟ್ಟವರಲ್ಲ. ಅರ್ಧ ಜನ ಬೇರೆ ಊರುಗಳಲ್ಲಿ, ಮನೆಯಿಂದಲೇ ಕೆಲಸ ಮಾಡುತ್ತಿದ್ದರು. ಕೆಲವರ ಮುಖವನ್ನೇ ನಾನು ನೋಡಿರಲಿಲ್ಲ. ಏನು ಮಾತಾಡಬೇಕೋ ತಿಳಿಯದೆ, ನೋಯಿಸಿಬಿಟ್ಟೇವು ಅಂತ ಸುಮ್ಮನಿದ್ದರು. ಕ್ಯಾಂಟೀನಿನಲ್ಲಿ ನಾನು ಹೋಗಿ ಕುಳಿತರೆ ಟೇಬಲ್ಲಿನ ನಗು ನಿಲ್ಲುತ್ತಿತ್ತು. ಅವರಿಗೂ ಇರಿಸುಮುರಿಸು, ನನಗೂ ಇರಿಸುಮುರಿಸು. ಆಮೇಲೆ ಡಬ್ಬಿಯನ್ನು ನನ್ನ ಜಾಗದಲ್ಲೇ ಬಿಚ್ಚತೊಡಗಿದೆ.

ನಮ್ಮ ಕೆಲಸದಲ್ಲಿ ಪ್ರತಿದಿನ ಬೆಳಿಗ್ಗೆ ಹದಿನೈದು ನಿಮಿಷದ ಒಂದು ಮೀಟಿಂಗ್ ಇರುತ್ತದೆ. ಸ್ಟ್ಯಾಂಡ್‌ಅಪ್ ಅನ್ನುತ್ತಾರೆ. ಅಲ್ಲಿ ಮೂರು ಪ್ರಶ್ನೆ. ನಿನ್ನೆ ಏನು ಮಾಡಿದಿರಿ? ಇವತ್ತು ಏನು ಮಾಡುತ್ತೀರಿ? ಕೆಲಸಕ್ಕೆ ಏನಾದರೂ ಅಡ್ಡಿ ಇದೆಯಾ? ಅಡ್ಡಿ ಅಂದರೆ ಸರ್ವರ್ ಕೈಕೊಟ್ಟಿದೆ, ಇನ್ನೊಂದು ತಂಡದಿಂದ ಉತ್ತರ ಬಂದಿಲ್ಲ, ಅಂಥದ್ದು. ಅಪ್ಪ ಇಲ್ಲ ಎಂಬುದನ್ನು ಆ ಪಟ್ಟಿಯಲ್ಲಿ ಎಲ್ಲಿ ಸೇರಿಸುವುದು? ವಾರದಲ್ಲಿ ಐದು ದಿನ 'ಅಡ್ಡಿ ಇದೆಯಾ' ಎಂದು ಕೇಳುವ ಜಾಗದಲ್ಲೇ ನಾನು ಯಾರ ಜೊತೆಗೂ ಮಾತಾಡದೆ ಮೂರು ತಿಂಗಳು ಕಳೆದೆ.

ಆ ಮೂರು ತಿಂಗಳಲ್ಲಿ ನನಗೆ ಏನಾಯಿತು ಎಂಬುದನ್ನು ವಿವರವಾಗಿ ಹೇಳುತ್ತೇನೆ. ಇಲ್ಲಿರುವವರಲ್ಲಿ ಯಾರಿಗಾದರೂ ಇದು ಗುರುತು ಸಿಗಬಹುದು. ಬೆಳಗಿನ ಜಾವ ಮೂರೂವರೆಗೆ ಎಚ್ಚರ ಆಗುತ್ತಿತ್ತು, ಮತ್ತೆ ನಿದ್ದೆ ಇಲ್ಲ. ಊಟ ರುಚಿಸುತ್ತಿರಲಿಲ್ಲ, ಆರೇಳು ಕೆ.ಜಿ. ತೂಕ ಇಳಿಯಿತು. ಐದು ಸಾಲಿನ ಕೋಡನ್ನು ಹತ್ತು ಸಲ ಓದಿದರೂ ತಲೆಗೆ ಹೋಗುತ್ತಿರಲಿಲ್ಲ. ಶನಿವಾರ ಭಾನುವಾರ ಸ್ನಾನ ಮಾಡಲು ಏಳುವುದೂ ಬೆಟ್ಟ ಹತ್ತಿದ ಹಾಗೆ. ಕ್ರಿಕೆಟ್ ನೋಡುವುದು ಬಿಟ್ಟುಹೋಯಿತು. ಅಳು ಬರುತ್ತಿರಲಿಲ್ಲ. ನಾನು ಯಾವುದಕ್ಕೂ ಉಪಯೋಗವಿಲ್ಲದವನು ಎಂಬ ಒಂದು ಮಾತು ಮಾತ್ರ ಒಳಗೆ ದಿನವಿಡೀ ಓಡುತ್ತಿತ್ತು.

ದುಃಖಕ್ಕೂ ಖಿನ್ನತೆಗೂ ವ್ಯತ್ಯಾಸ ಇದೆ ಎಂದು ಆಮೇಲೆ ವೈದ್ಯರು ತಿಳಿಸಿದರು. ದುಃಖ ಅಲೆ ಅಲೆಯಾಗಿ ಬರುತ್ತದೆ. ಅಪ್ಪನ ಚಪ್ಪಲಿ ಕಂಡರೆ ಉಕ್ಕುತ್ತದೆ, ನಡುವೆ ಒಂದು ತಮಾಷೆಗೆ ನಗುವೂ ಬರುತ್ತದೆ. ಖಿನ್ನತೆ ಹಾಗಲ್ಲ, ಅದು ಮೋಡ ಮುಚ್ಚಿಕೊಂಡ ಹಾಗೆ, ಬಿಡುವೇ ಇರುವುದಿಲ್ಲ. ಅದರ ಜೊತೆಗೆ ತನ್ನ ಮೇಲೆಯೇ ತಿರಸ್ಕಾರ ಹುಟ್ಟುತ್ತದೆ. ಬೇಸರ ಅಥವಾ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಜೊತೆಗೆ ನಿದ್ದೆ, ಹಸಿವು, ಏಕಾಗ್ರತೆ ಕೆಡುವುದು, ಇವು ಎರಡು ವಾರಕ್ಕೂ ಹೆಚ್ಚು ಕಾಲ, ಹೆಚ್ಚು ಕಡಿಮೆ ಪ್ರತಿದಿನ ಇದ್ದರೆ ವೈದ್ಯರನ್ನು ನೋಡಬೇಕು. ಈ ಎರಡು ವಾರದ ಲೆಕ್ಕವನ್ನು ಮಕ್ಕಳು ನೆನಪಿಟ್ಟುಕೊಳ್ಳಿ.

ನನ್ನನ್ನು ಮಾತಾಡಿಸಿದವರು ಟೆಸ್ಟಿಂಗ್ ವಿಭಾಗದ ಒಬ್ಬ ಹಿರಿಯರು, ಧಾರವಾಡ ಕಡೆಯವರು. ಒಂದು ದಿನ ಮಧ್ಯಾಹ್ನ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕುಳಿತು ಕೇಳಿದರು: 'ನಿಮ್ಮ ತಂದೆಯವರು ಏನ್ ಕೆಲಸ ಮಾಡ್ತಿದ್ರು ರೀ?' ಅಪ್ಪ ಹೋದರೆಂದು ಆಫೀಸಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಅಪ್ಪ ಯಾರು ಅಂತ ಕೇಳಿದವರು ಇವರೇ ಮೊದಲು. ವಾಲ್ವಿನ ವಿಷಯ, ಟಾರ್ಚಿನ ವಿಷಯ, ಬೇಸಿಗೆಯಲ್ಲಿ ಬೋರು ಬತ್ತಿದಾಗ ಜನ ಬೈಯುತ್ತಿದ್ದದ್ದು, ಅಪ್ಪ ಅದನ್ನು ಮನೆಗೆ ಬಂದು ನಗುತ್ತಾ ಹೇಳುತ್ತಿದ್ದದ್ದು, ಎಲ್ಲ ಹೇಳಿದೆ. ಅವರು ನಡುವೆ ಬಾಯಿ ಹಾಕಲಿಲ್ಲ, ಸಮಾಧಾನದ ಮಾತೂ ಆಡಲಿಲ್ಲ. ಮರುದಿನವೂ ಬಂದರು. ಒಂದು ವಾರ ಆದ ಮೇಲೆ, 'ಇದು ಬರೇ ದುಃಖ ಅಲ್ರೀ, ಡಾಕ್ಟ್ರಿಗೆ ತೋರಿಸಬೇಕು. ನಾನೂ ಜೋಡಿ ಬರ್ತೀನಿ' ಅಂದರು. ಬಂದರು ಕೂಡ.

ನಾವು ಹೋದದ್ದು ನಿಮ್ಹಾನ್ಸ್‌ಗೆ. ನಮ್ಮ ಅಜ್ಜಿಯ ಕಾಲದಲ್ಲಿ ಅಂಥ ಜಾಗಕ್ಕೆಲ್ಲ ಹುಚ್ಚಾಸ್ಪತ್ರೆ ಅನ್ನುತ್ತಿದ್ದರು. ಅಲ್ಲಿ ನಾನು ಕಂಡದ್ದು ನಮ್ಮೂರ ಸಂತೆಯಲ್ಲಿ ಕಾಣುವಂಥದ್ದೇ ಜನರನ್ನು. ಊಟದ ಕ್ಯಾರಿಯರ್ ಹಿಡಿದ ತಾಯಂದಿರು, ಬಸ್ಸಿನಲ್ಲಿ ರಾತ್ರಿಯಿಡೀ ಪ್ರಯಾಣ ಮಾಡಿ ಬಂದವರು, ಬ್ಯಾಂಕ್ ನೌಕರರು, ಕಾಲೇಜು ಹುಡುಗರು. ಈ ಸಂಸ್ಥೆಯ ಮೂಲ ಮೈಸೂರು ಸಂಸ್ಥಾನದ ಮಾನಸಿಕ ಆಸ್ಪತ್ರೆ. 1954ರಲ್ಲಿ ಅಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು, 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ಕೊಟ್ಟು ಹಳ್ಳಿಯಲ್ಲೇ ಮನೋರೋಗಕ್ಕೆ ಚಿಕಿತ್ಸೆ ಕೊಡಬಹುದೆಂದು ಇದೇ ಸಂಸ್ಥೆ 1980ರ ದಶಕದಲ್ಲಿ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿತು. 1996ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ಹಾಗಾಗಿ ಈ ಚಿಕಿತ್ಸೆ ಬೆಂಗಳೂರಿನವರಿಗೆ ಮಾತ್ರ ಎಂದುಕೊಳ್ಳಬೇಡಿ. ಜಿಲ್ಲಾಸ್ಪತ್ರೆಯಲ್ಲೂ ಮನೋವೈದ್ಯರಿದ್ದಾರೆ.

ವೈದ್ಯರು ಕನ್ನಡದಲ್ಲೇ ಮಾತಾಡಿಸಿದರು. ಮಾತ್ರೆ ಬರೆದರು, ಜೊತೆಗೆ ಆಪ್ತಸಮಾಲೋಚನೆಗೂ ಕಳಿಸಿದರು. ಈ ಮಾತ್ರೆ ತಲೆನೋವಿನ ಮಾತ್ರೆಯಂತೆ ಒಂದು ಗಂಟೆಯಲ್ಲಿ ಕೆಲಸ ಮಾಡುವುದಿಲ್ಲ, ಗುಣ ಕಾಣಲು ಕೆಲವು ವಾರ ಬೇಕು, ಚೆನ್ನಾಗಾಯಿತೆಂದು ನೀವೇ ನಿಲ್ಲಿಸಬಾರದು ಎಂದು ಹೇಳಿದರು. ನನಗೆ ಐದನೆಯ ವಾರದಲ್ಲಿ ನಿದ್ದೆ ಸರಿಹೋಯಿತು. ಒಂದು ಬೆಳಿಗ್ಗೆ ಕಾಫಿ ಕಾಫಿಯ ಹಾಗೆ ರುಚಿಸಿತು. ಅದೇ ದಿನ ಅಪ್ಪನನ್ನು ನೆನೆದು ಚೆನ್ನಾಗಿ ಅತ್ತೆ. ಖಿನ್ನತೆ ಇಳಿದ ಮೇಲೆ ದುಃಖಕ್ಕೆ ದಾರಿ ಆಯಿತು ಅಂತ ಕಾಣುತ್ತದೆ.

ಊರಿಗೆ ಬಂದಾಗ ಅವ್ವನಿಗೆ ಮಾತ್ರೆಯ ಚೀಟಿ ತೋರಿಸಿದೆ. ಅವಳು ಗಾಬರಿ ಬೀಳಬಹುದು ಎಂದುಕೊಂಡಿದ್ದೆ. ಅವಳು ಕೇಳಿದ್ದು ಇಷ್ಟೇ: 'ಊಟಕ್ಕೆ ಮುಂಚೆನಾ, ಆಮೇಲಾ?' ಅವಳಿಗೆ ಸಕ್ಕರೆ ಕಾಯಿಲೆ ಇದೆ, ಮಾತ್ರೆಯ ಶಿಸ್ತು ಗೊತ್ತು. ಮಾನಸಿಕ ಆರೋಗ್ಯದ ಬಗ್ಗೆ ನಾನು ಕೇಳಿದ ಉಪನ್ಯಾಸಗಳಲ್ಲಿ ಅದಕ್ಕಿಂತ ಒಳ್ಳೆಯ ಮಾತು ಇರಲಿಲ್ಲ.

ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ರಾಷ್ಟ್ರೀಯ ಸಮೀಕ್ಷೆ ನಡೆಸಿತು. ವಯಸ್ಕರಲ್ಲಿ ನೂರಕ್ಕೆ ಸುಮಾರು 10 ಜನಕ್ಕೆ ಚಿಕಿತ್ಸೆ ಬೇಕಾದ ಯಾವುದಾದರೂ ಮಾನಸಿಕ ತೊಂದರೆ ಇದೆ, ಅವರಲ್ಲಿ ಬಹುಪಾಲು ಜನ ಚಿಕಿತ್ಸೆ ಪಡೆಯುತ್ತಿಲ್ಲ ಎಂದು ಅದರಲ್ಲಿ ತಿಳಿದುಬಂತು. ನಮ್ಮ ಬ್ಯಾಚಿನಲ್ಲಿ ನಾವು 60 ಜನ. ಈ ಲೆಕ್ಕದಲ್ಲಿ ಆರು ಜನ. ಇವತ್ತು ಒಂದು ಹೆಸರು ನಾನೇ ಕೊಟ್ಟಿದ್ದೇನೆ. ಉಳಿದ ಐದು ಜನ ಯಾರೋ ನಮಗೆ ಗೊತ್ತಿಲ್ಲ.

ಆಫೀಸಿನಲ್ಲಿ ಗೊತ್ತಾದರೆ ಕೆಲಸಕ್ಕೆ ಕುತ್ತು ಬರುತ್ತದೆ ಎಂಬ ಭಯ ಬಹಳ ಜನಕ್ಕೆ ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಚಿಕಿತ್ಸೆಯ ವಿವರವನ್ನು ಗೋಪ್ಯವಾಗಿಡಬೇಕು. ದೇಹದ ಕಾಯಿಲೆಗೆ ಕೊಡುವಂತೆಯೇ ಮನಸ್ಸಿನ ಕಾಯಿಲೆಗೂ ವಿಮೆಯ ಸೌಲಭ್ಯ ಕೊಡಬೇಕೆಂದೂ ಅದರಲ್ಲಿದೆ. ನನ್ನ ಜೊತೆ ಓದಿದವರಲ್ಲಿ ಕೆಲವರು ಈಗ ಮ್ಯಾನೇಜರ್‌ಗಳಾಗಿದ್ದೀರಿ. ನಿಮ್ಮ ಕೈಕೆಳಗಿನವರ ಮನೆಯಲ್ಲಿ ಸಾವಾಗಿದ್ದರೆ ಸಂತಾಪ ಹೇಳಿ ಮುಗಿಸಬೇಡಿ. ಒಂದು ತಿಂಗಳಾದ ಮೇಲೆ ಮತ್ತೆ ಕೇಳಿ. ಅಷ್ಟರಲ್ಲಿ ಎಲ್ಲರೂ ಮರೆತಿರುತ್ತಾರೆ, ಅವರೊಬ್ಬರು ಮರೆತಿರುವುದಿಲ್ಲ.

ಇದನ್ನು ಹೇಗೆ ಮಾಡಬೇಕೆಂದು ಈ ಶಾಲೆಯಲ್ಲೇ ಒಮ್ಮೆ ನೋಡಿದ್ದೇನೆ. ನಾವು ಒಂಬತ್ತನೇ ತರಗತಿಯಲ್ಲಿದ್ದಾಗ ಸಹಪಾಠಿಯೊಬ್ಬನ ತಾಯಿ ತೀರಿಕೊಂಡರು. ಹದಿಮೂರನೆಯ ದಿನ ಅವನು ಶಾಲೆಗೆ ಬರುವ ಹೊತ್ತಿಗೆ ಕನ್ನಡ ಮೇಷ್ಟ್ರು ನಮಗೆಲ್ಲ ಕೆಲಸ ಹಂಚಿಯಾಗಿತ್ತು. ಒಬ್ಬೊಬ್ಬರು ಒಂದೊಂದು ವಿಷಯದ ನೋಟ್ಸನ್ನು ಅವನಿಗಾಗಿ ಬರೆದಿಡಬೇಕು. ನನ್ನ ಪಾಲಿಗೆ ಬಂದದ್ದು ಸಮಾಜ ವಿಜ್ಞಾನ. ಮಧ್ಯಾಹ್ನ ಊಟದ ಬುತ್ತಿ ಅವನ ಜೊತೆ ಬಿಚ್ಚುವವರು ಯಾರು ಎಂಬುದಕ್ಕೂ ಸರದಿ ಇತ್ತು. ಮೇಷ್ಟ್ರು ಅದಕ್ಕೆ ಯಾವ ಹೆಸರನ್ನೂ ಇಟ್ಟಿರಲಿಲ್ಲ. ಅವನ ಕೆಲಸದ ಹೊರೆ ಇಳಿಯಿತು, ಅವನು ಒಬ್ಬನೇ ಕೂರಲಿಲ್ಲ. ಇಷ್ಟನ್ನು ನಮ್ಮ ದೊಡ್ಡ ದೊಡ್ಡ ಆಫೀಸುಗಳೂ ಮಾಡಬಹುದು.

ಮಕ್ಕಳೇ, ನಿಮಗೆ ಮೂರು ಮಾತು. ಒಂದು, ಮನೆಯಲ್ಲಿ ಸಾವು ನೋವು ಕಂಡ ಗೆಳೆಯನಿಗೆ 'ಧೈರ್ಯವಾಗಿರು' ಎಂದು ಹೇಳಿ ಹೊರಟುಬಿಡಬೇಡಿ. ತೀರಿಕೊಂಡವರ ಬಗ್ಗೆ ಕೇಳಿ, ಅವನು ಹೇಳುವಷ್ಟು ಹೊತ್ತು ಕೇಳಿಸಿಕೊಳ್ಳಿ. ಎರಡು, ಯಾರಾದರೂ 'ಬದುಕು ಸಾಕು' ಎಂಬಂಥ ಮಾತಾಡಿದರೆ ತಮಾಷೆ ಅಂದುಕೊಳ್ಳಬೇಡಿ. 'ಸಾಯುವ ಯೋಚನೆ ಬರುತ್ತಿದೆಯಾ?' ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಅವರನ್ನು ಒಂಟಿಯಾಗಿ ಬಿಡದೆ, ಕೂಡಲೇ ಒಬ್ಬ ದೊಡ್ಡವರಿಗೆ ತಿಳಿಸಿ. ಇಂಥ ಗುಟ್ಟನ್ನು ಕಾಯಬಾರದು. ಮೂರು, 14416 ಎಂಬ ಸಂಖ್ಯೆ. ಇದು ಟೆಲಿ ಮಾನಸ್ ಸಹಾಯವಾಣಿ. 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನ, ಕೇಂದ್ರ ಸರ್ಕಾರ ಇದನ್ನು ಆರಂಭಿಸಿತು. ಹಣ ಕೊಡಬೇಕಾಗಿಲ್ಲ, ಹಗಲು ರಾತ್ರಿ ಯಾವಾಗಲಾದರೂ ಕರೆ ಮಾಡಬಹುದು, ಕನ್ನಡದಲ್ಲಿ ಮಾತಾಡಬಹುದು.

ಕೊನೆಯದಾಗಿ ನಮ್ಮ ಬ್ಯಾಚಿನ ಪರವಾಗಿ ಎರಡು ವಿಷಯ. ಮುಖ್ಯೋಪಾಧ್ಯಾಯರು ಒಪ್ಪಿದರೆ, ಸೂಚನಾ ಫಲಕದ ಪಕ್ಕದ ಗೋಡೆಯ ಮೇಲೆ ಈ ಸಂಖ್ಯೆಯನ್ನು ದೊಡ್ಡದಾಗಿ ಬರೆಸುತ್ತೇವೆ, ಬಣ್ಣದ ಮತ್ತು ಪೇಂಟರಿನ ಖರ್ಚು ನಮ್ಮದು. ಇನ್ನೊಂದು, ನಮ್ಮ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಒಂದು ಸರದಿ ಪಟ್ಟಿ ಮಾಡಿದ್ದೇವೆ. ಯಾರ ಮನೆಯಲ್ಲಿ ಸಾವಾದರೂ ಹನ್ನೊಂದನೆಯ ದಿನಕ್ಕೆ ಒಬ್ಬರು, ಒಂದು ತಿಂಗಳಿಗೆ ಒಬ್ಬರು, ಮೂರು ತಿಂಗಳಿಗೆ ಒಬ್ಬರು ಫೋನ್ ಮಾಡಬೇಕು. ಸಾಧ್ಯವಾದರೆ ಮನೆಗೇ ಹೋಗಬೇಕು. ಬೇರೆ ಬ್ಯಾಚಿನವರೂ ಇಂಥ ಪಟ್ಟಿ ಮಾಡಿಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ. ಊಟ ಆದ ಮೇಲೆ ಹತ್ತನೇ ತರಗತಿಯ ಕೋಣೆಯಲ್ಲಿ ಕುಳಿತಿರುತ್ತೇನೆ. ಮಾತಾಡಬೇಕು ಅನ್ನಿಸಿದವರು ಬನ್ನಿ.