ಚೆನ್ನಮ್ಮ ಕಾಯ್ದ ವಂಶ

(ಎಂ.ಕೆ. ಹುಬ್ಬಳ್ಳಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಕಾಕತಿಯಿಂದ ಕಿತ್ತೂರಿಗೆ ಹೋಗುವ ಹೆದ್ದಾರಿ ನಿಮ್ಮ ಊರನ್ನು ಹಾಯ್ದೇ ಹೋಗುತ್ತದೆ. ಕಾಕತಿ ರಾಣಿ ಚೆನ್ನಮ್ಮನ ತವರು, ಕಿತ್ತೂರು ಆಕೆ ಸೇರಿದ ಮನೆ. ನಡುವೆ ಮಲಪ್ರಭೆ. ಅದೇ ಹೊಳೆಯಲ್ಲಿ ಬಸವಣ್ಣನವರ ಮಡದಿ ಗಂಗಾಂಬಿಕೆಯ ಐಕ್ಯಮಂಟಪವಿದೆ. ಒಬ್ಬ ಶರಣೆಯ ನೆನಪನ್ನು ಇಷ್ಟು ಕಾಲ ಕಾಯ್ದುಕೊಂಡು ಬಂದ ಊರಿನಲ್ಲಿ ಇನ್ನೊಬ್ಬ ಹೆಣ್ಣುಮಗಳ ಮನೆತನದ ಕಥೆ ಹೇಳುವುದು ನನಗೆ ಸಂತೋಷದ ಕೆಲಸ.

ಕುದುರೆಯೇರಿ ಕತ್ತಿ ಹಿಡಿದ ಚೆನ್ನಮ್ಮ ನಮಗೆಲ್ಲ ಗೊತ್ತು. ಆದರೆ ಆ ಯುದ್ಧ ನಡೆದದ್ದು ಏತಕ್ಕೆ? ಕಪ್ಪ ಕೇಳಿದ್ದಕ್ಕೆ ಎಂಬ ಮಾತು ನಾಟಕ, ಸಿನಿಮಾಗಳಿಂದ ನಮ್ಮ ಮನಸ್ಸಿನಲ್ಲಿ ನಿಂತಿದೆ. ಆಗಿನ ಕಾಗದಪತ್ರಗಳಲ್ಲಿ ಕಾಣುವ ಜಗಳದ ಮೂಲ ಬೇರೆ. ಕಿತ್ತೂರಿನ ವಾರಸುದಾರ ಯಾರು ಎಂಬುದೇ ಆ ಪ್ರಶ್ನೆ. ಅಂದರೆ ಅದು ಒಂದು ವಂಶಾವಳಿಗಾಗಿ ನಡೆದ ಯುದ್ಧ.

ನಮ್ಮ ಸೀಮೆಯಲ್ಲಿ ವಂಶಾವಳಿ ಹೊಸ ಮಾತಲ್ಲ. ಎತ್ತಿನೊಡನೆ ಊರೂರು ತಿರುಗುವ ಹೆಳವರು ಮನೆಯ ಮುಂದೆ ನಿಂತು ತಲೆತಲಾಂತರದ ಹೆಸರುಗಳನ್ನು ಒಪ್ಪಿಸುತ್ತಾರೆ. ಆ ಹೆಸರುಗಳ ಸರಣಿ ಹೆಚ್ಚಾಗಿ ತಂದೆಯಿಂದ ಮಗನಿಗೆ ಸಾಗುತ್ತದೆ. ಕಿತ್ತೂರು ದೇಸಗತಿಯ ಚರಿತ್ರೆಯೂ ಹಾಗೆಯೇ. ಸಾಗರದ ಕಡೆಯಿಂದ ಬಂದ ಹಿರೇಮಲ್ಲಶೆಟ್ಟಿ, ಚಿಕ್ಕಮಲ್ಲಶೆಟ್ಟಿ ಎಂಬ ಅಣ್ಣತಮ್ಮಂದಿರಿಂದ, ಬಿಜಾಪುರದ ಆದಿಲ್‌ಶಾಹಿಯ ಕಾಲದಲ್ಲಿ, 1585ರಲ್ಲಿ ಅದು ಶುರುವಾಗುತ್ತದೆ. ಮುಂದೆ ಬರುವವರೆಲ್ಲ ಗಂಡಸರೇ.

ಆ ಸಾಲಿನಲ್ಲಿ ದೊಡ್ಡ ಹೆಸರು ಮಲ್ಲಸರ್ಜ ದೇಸಾಯಿಯದು. ಒಂದು ಕಡೆ ಟಿಪ್ಪು, ಇನ್ನೊಂದು ಕಡೆ ಪೇಶ್ವೆ. ಇಬ್ಬರ ಸೆರೆಯನ್ನೂ ಆತ ಕಂಡ. 1816ರಲ್ಲಿ ತೀರಿಕೊಂಡ. ಆತನ ಹಿರಿಯ ಹೆಂಡತಿ ರುದ್ರಮ್ಮ, ಕಿರಿಯಳು ಕಾಕತಿ ದೇಸಾಯರ ಮಗಳು ಚೆನ್ನಮ್ಮ. ಚೆನ್ನಮ್ಮ ಹುಟ್ಟಿದ್ದು 1778ರಲ್ಲಿ ಎಂಬುದು ರೂಢಿಯ ಮಾತು. ಆಕೆ ಹೆತ್ತ ಮಗ ಉಳಿಯಲಿಲ್ಲ. ಗದ್ದಿಗೆಗೆ ಬಂದವನು ರುದ್ರಮ್ಮನ ಮಗ ಶಿವಲಿಂಗರುದ್ರಸರ್ಜ. 1818ರಲ್ಲಿ ಪೇಶ್ವೆಯರ ಆಳ್ವಿಕೆ ಮುಗಿದಾಗ ಈತ ಕಂಪನಿಯ ಪಕ್ಷ ಹಿಡಿದು ಸಂಸ್ಥಾನವನ್ನು ಉಳಿಸಿಕೊಂಡ.

1824ರ ಸೆಪ್ಟೆಂಬರಿನಲ್ಲಿ ಮಕ್ಕಳಿಲ್ಲದೆ ಆತನೂ ತೀರಿಹೋದ. ಮಾಸ್ತಮರಡಿ ಗೌಡರ ಮನೆಯ ಹುಡುಗ ಶಿವಲಿಂಗಪ್ಪನನ್ನು ದೇಸಾಯಿ ದತ್ತು ತೆಗೆದುಕೊಂಡಿದ್ದಾನೆ ಎಂದು ಅರಮನೆ ಧಾರವಾಡಕ್ಕೆ ತಿಳಿಸಿತು. ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ಕಂಪನಿಯ ಅಪ್ಪಣೆ ಎಲ್ಲಿದೆ? ಪತ್ರ ಬರೆದದ್ದು ದೇಸಾಯಿ ಬದುಕಿದ್ದಾಗಲೋ, ಸತ್ತ ಮೇಲೋ? ಹೀಗೆ ಸಂಶಯ ತೆಗೆದು ಖಜಾನೆಗೆ ತನ್ನ ಕಾವಲು ಹಾಕಿಸಿದ. ಮನೆಯೊಳಗಿನ ಸಂಬಂಧವನ್ನು ಹೊರಗಿನ ಅಧಿಕಾರಿಯೊಬ್ಬ ಇಲ್ಲವೆಂದುಬಿಟ್ಟ.

ಇಲ್ಲಿ ಒಂದು ಸಂಗತಿ ಗಮನಿಸಿ. ಶಿವಲಿಂಗರುದ್ರಸರ್ಜ ಚೆನ್ನಮ್ಮ ಹೆತ್ತ ಮಗನಲ್ಲ, ಸವತಿಯ ಮಗ. ಶಿವಲಿಂಗಪ್ಪ ಆ ಮಗನ ದತ್ತುಮಗ. ಇಬ್ಬರಿಗೂ ಆಕೆಗೂ ರಕ್ತದ ನಂಟಿಲ್ಲ. ಹಾಗಿದ್ದೂ ತನ್ನ ಮನೆ ಉಳಿಯಬೇಕಾದದ್ದು ಈ ಮಗುವಿನಿಂದ ಎಂದು ಆಕೆ ನಂಬಿದಳು. ಮೊದಲು ಕತ್ತಿ ಹಿಡಿಯಲಿಲ್ಲ, ಮೇಲಧಿಕಾರಿಗಳಿಗೆ ಅರ್ಜಿ ಬರೆಸಿದಳು. ಅದು ಫಲಿಸದಿದ್ದಾಗಲೇ ಕೋಟೆಯ ಬಾಗಿಲು ಮುಚ್ಚಿದ್ದು. 1824ರ ಅಕ್ಟೋಬರ್ 23ರಂದು ಥ್ಯಾಕರೆ ಕಿತ್ತೂರಿನಲ್ಲಿ ಸತ್ತ. ಡಿಸೆಂಬರಿನಲ್ಲಿ ದೊಡ್ಡ ಸೈನ್ಯ ಬಂತು, ಕೋಟೆ ಬಿತ್ತು. ಚೆನ್ನಮ್ಮನನ್ನೂ ಸೊಸೆ ವೀರವ್ವನನ್ನೂ ಬೈಲಹೊಂಗಲದಲ್ಲಿ ಸೆರೆಯಿಟ್ಟರು. 1829ರಲ್ಲಿ ಚೆನ್ನಮ್ಮ ಅಲ್ಲಿಯೇ ಕಣ್ಣುಮುಚ್ಚಿದಳು. ಆಕೆಯ ಸಮಾಧಿಯೂ ಅಲ್ಲಿಯೇ ಇದೆ.

ಕಥೆ ಅಲ್ಲಿಗೂ ಮುಗಿಯಲಿಲ್ಲ. ಸಂಗೊಳ್ಳಿ ರಾಯಣ್ಣ ದಂಡು ಕಟ್ಟಿದ್ದು ಆ ಶಿವಲಿಂಗಪ್ಪನನ್ನು ಗದ್ದಿಗೆಗೆ ಕೂಡಿಸಲೆಂದೇ. ಕಂಪನಿ ಬೇಡವೆಂದ ದತ್ತುಮಗುವಿಗಾಗಿ ಸಾಮಾನ್ಯ ರೈತರ ಮಕ್ಕಳು ಕಾಡು ಸೇರಿದರು. 1831ರಲ್ಲಿ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದರು. ಝಾನ್ಸಿಯ ದತ್ತಕವನ್ನು ಡಾಲ್‌ಹೌಸಿ ತಳ್ಳಿಹಾಕಿದ್ದು 1854ರಲ್ಲಿ. ಆ ಅನ್ಯಾಯವನ್ನು ಕಿತ್ತೂರು ಮೂವತ್ತು ವರ್ಷ ಮೊದಲೇ ಉಂಡಿತ್ತು.

ಚೆನ್ನಮ್ಮನ ಪ್ರತಿಮೆ 2007ರಲ್ಲಿ ಸಂಸತ್ತಿನ ಆವರಣ ಸೇರಿತು. ಒಳ್ಳೆಯದೇ. ಆದರೆ ರುದ್ರಮ್ಮ, ವೀರವ್ವ ಎಷ್ಟು ಜನರಿಗೆ ನೆನಪಿದ್ದಾರೆ? ದೇಸಾಯಿಗಳ ಹೆಸರು ಸಾಲಾಗಿ ಉಳಿದವು. ಕೊನೆಗೆ ಮನೆಯ ಭಾರ ಹೊತ್ತ ಹೆಂಗಸರ ಹೆಸರನ್ನು ನಾವೇ ಹುಡುಕಬೇಕಾಗಿದೆ.

ಅದಕ್ಕೆ ನನ್ನದೊಂದು ಸಣ್ಣ ವಿನಂತಿ. ಇಲ್ಲಿರುವ ಹುಡುಗರು, ಹುಡುಗಿಯರು ಮನೆಗೆ ಹೋಗಿ ನಿಮ್ಮ ಅಜ್ಜಿಯನ್ನು ಕೇಳಿರಿ: ಅವ್ವ, ನಿನ್ನ ತವರೂರು ಯಾವುದು? ನಿನ್ನ ತಾಯಿಯ ಹೆಸರೇನು? ಆಕೆಯ ತಾಯಿಯದು? ಮೂರು ತಲೆ ದಾಟುವಷ್ಟರಲ್ಲಿ ಉತ್ತರ ನಿಂತುಹೋದರೂ ಹೋಗಬಹುದು. ಅದು ನಿಲ್ಲುವ ಮೊದಲೇ ಒಂದು ನೋಟುಬುಕ್ಕಿನಲ್ಲಿ ಬರೆದಿಡಿರಿ. ಹೆತ್ತವರನ್ನಷ್ಟೇ ಅಲ್ಲ, ಹೆರದೆಯೂ ಸಾಕಿದವರನ್ನೂ ಬರೆಯಿರಿ. ಅವರನ್ನು ಬಿಟ್ಟರೆ ಚೆನ್ನಮ್ಮನ ವಂಶಾವಳಿಯೇ ಇಲ್ಲ, ನಮ್ಮದೂ ಪೂರ್ತಿಯಾಗುವುದಿಲ್ಲ.