ಬರಡು ಎಂಬ ಮಾತು

ನೀರಿನ ಅಭಾವವನ್ನು ಹೇಳುವ ಮಾತುಗಳಿಗೆ ಕನ್ನಡದಲ್ಲಿ ಅಭಾವವಿಲ್ಲ. ಒಣಗುವುದು, ಬತ್ತುವುದು, ಬರಡಾಗುವುದು ಎಂಬ ಮೂರನ್ನೂ ನಾವು ಒಂದೇ ಅರ್ಥದಲ್ಲಿ ಆಡಿಬಿಡುವುದುಂಟು. ವಿಚಾರಮಾಡಿ ನೋಡಿದರೆ ಇವುಗಳ ಭೇದವು ಸಣ್ಣದಲ್ಲ.

ಒಣಗಿಸುವುದು ಎಷ್ಟೋ ವೇಳೆ ನಾವು ಬೇಕೆಂದೇ ಮಾಡುವ ಕೆಲಸ. ಅಂಗಳದಲ್ಲಿ ಹರವಿದ ಹಪ್ಪಳವೂ, ತುಳುವರು ನುಂಗೆಲ್ ಎನ್ನುವ ಒಣಮೀನೂ ಮಳೆಗಾಲಕ್ಕೆ ಒದಗುವುದು ಒಣಗಿದುದರಿಂದಲೇ. ಬತ್ತುವುದಾದರೋ ಇದ್ದ ನೀರು ಇಳಿದುಹೋಗುವುದು. ಕೆರೆ ಬತ್ತೀತು, ಬಾವಿ ಬತ್ತೀತು. ಹಿಂಡಿ ಹರವಿದ ಪಂಚೆ ಬತ್ತದು, ಒಣಗುವುದು. ಬತ್ತಿದುದು ಮತ್ತೆ ತುಂಬೀತೆಂಬ ಆಸೆಯು ಆ ಮಾತಿನೊಳಗೇ ಇದೆ. ಬರಡು ಹಾಗಲ್ಲ. ಗಬ್ಬವಾಗದ ಹಸು ಬರಡು; ಬೆಳೆ ಬಾರದ ನೆಲ ಬರಡು. ಶುಷ್ಕತೆಯ ಪರಮಾವಧಿಯಿದು.

ಬರ, ಬರಡು ಎಂಬಿವು ಒಂದೇ ಬೇರಿನವು. ಹಳಗನ್ನಡದಲ್ಲಿ ಬರವನ್ನು ಶಕಟರೇಫವಿಟ್ಟು 'ಬಱ' ಎಂದು ಬರೆಯುತ್ತಿದ್ದರು. 'ಬರುವುದು' ಎಂಬ ಕ್ರಿಯಾಪದಕ್ಕೂ ಇದಕ್ಕೂ ನಂಟಿಲ್ಲ. ನಮ್ಮ ಬಕಾರಕ್ಕೆ ತಮಿಳು, ಮಲೆಯಾಳಗಳಲ್ಲಿ ವಕಾರವು ನಿಲ್ಲುವುದುಂಟು. ತಮಿಳಿನ 'ವಱಟ್ಚಿ', ಮಲೆಯಾಳದ 'ವರಳ್ಚ' ಇದರ ಒಡಹುಟ್ಟಿದ ಮಾತುಗಳು. ಇಂತಹ ನಂಟುಗಳನ್ನು ಗುರುತಿಸಿದ ಕಿಟೆಲ್ಲರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಪ್ರಕಟವಾದುದು ನಮ್ಮ ಮಂಗಳೂರಿನಲ್ಲಿಯೇ.

ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರಿಗೆ ಈ ವಿವೇಚನೆ ಏತಕ್ಕೆಂದು ಶ್ರೋತೃಗಳು ಕೇಳಬಹುದು. 2016 ಮತ್ತು 2019ರ ಬೇಸಗೆಗಳಲ್ಲಿ ತುಂಬೆಯ ಅಣೆಕಟ್ಟಿನ ನೀರು ತಗ್ಗಿ, ನಗರಕ್ಕೆ ಸರದಿಯ ಮೇಲೆ ನೀರು ಬಿಡಬೇಕಾಯಿತು. ಅದು ನೇತ್ರಾವತಿಯು ಬತ್ತಿದ ಬಗೆ. ಮಳೆ ಹಿಡಿದ ಮೇಲೆ ಹೊಳೆ ತುಂಬಿತು. ಆದರೆ ನಮ್ಮ ಸುತ್ತಣ ಮುರಕಲ್ಲಿನ ಪದವುಗಳನ್ನು ಬೇಸಗೆಯಲ್ಲಿ ಕಂಡು ನಾವು ಬರಡು ಎನ್ನುತ್ತೇವೆ. ಆಷಾಢದಲ್ಲಿ ಅವೇ ಹಸುರೇರಿ ಹೂ ಬಿಡುತ್ತವೆ. ಬಿದ್ದ ಮಳೆಯನ್ನು ಹೀರಿಕೊಂಡು ತಪ್ಪಲಿನ ಬಾವಿಗಳಿಗೆ ಮೆಲ್ಲಮೆಲ್ಲನೆ ಊಡುತ್ತವೆ. ಒಮ್ಮೆ ಬರಡೆಂದು ಹೆಸರಿಟ್ಟ ನೆಲವನ್ನು ಅಗೆಯುವುದಕ್ಕಾಗಲಿ, ಕಾಂಕ್ರೀಟು ಹಾಸಿ ಮುಚ್ಚುವುದಕ್ಕಾಗಲಿ ಯಾರೂ ಅಳುಕರು. ಮುಚ್ಚಿದ ಮೇಲೆ ನೀರು ಒಳಕ್ಕಿಳಿಯದು. ಸುಳ್ಳಾಗಿ ಆಡಿದ ಮಾತು ಆಗ ನಿಜವಾಗುವುದು.

ಆದುದರಿಂದ ವೈಶಾಖದ ಪದವನ್ನು ಕಂಡಾಗ 'ಒಣಗಿದೆ' ಎನ್ನೋಣ. ಹೊಳೆಯನ್ನು ಕಂಡಾಗ 'ಬತ್ತಿದೆ' ಎನ್ನೋಣ. ಬರಡೆಂಬ ಮಾತನ್ನು, ಮಳೆ ಬಂದರೂ ಚಿಗುರದುದಕ್ಕೆ ಮಾತ್ರ ಮೀಸಲಿಡುವುದು ಯುಕ್ತ.