ಆಪರೇಷನ್ ಥಿಯೇಟರಿನ ಗಾಳಿ ಮತ್ತು ಅಲ್ಲಿ ದುಡಿಯುವವರ ಆರೋಗ್ಯ

(ವಾರ್ಷಿಕ ಸಮಾರಂಭದಲ್ಲಿ ಮಾಡಿದ ಉಪನ್ಯಾಸ)



ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳಿಂದ ಬಂದಿರುವ ನಿಮ್ಮಲ್ಲಿ ಪಿಯುಸಿ ವಿಜ್ಞಾನದ ನಂತರ ನರ್ಸಿಂಗ್ ಅಥವಾ ಅರಿವಳಿಕೆ ಮತ್ತು ಓಟಿ ತಂತ್ರಜ್ಞಾನದ ಬಿ.ಎಸ್ಸಿ. ಸೇರಬೇಕೆನ್ನುವವರಿದ್ದೀರಿ. ಒಳ್ಳೆಯ ಉದ್ಯೋಗ. ಆದರೆ ಸೇರುವ ಮೊದಲೇ ಒಂದು ವಿಷಯ ತಿಳಿದಿರಲಿ.

ರೋಗಿಗೆ ಪ್ರಜ್ಞೆ ತಪ್ಪಿಸಲು ಕೊಡುವ ಅನಿಲದ ಒಂದು ಪಾಲು ಕೋಣೆಯ ಗಾಳಿಗೆ ಸೇರುತ್ತದೆ. ರೋಗಿ ಅದನ್ನು ಉಸಿರಾಡುವುದು ಒಂದೆರಡು ಗಂಟೆ. ನರ್ಸ್, ತಂತ್ರಜ್ಞ, ನೆಲ ಒರೆಸುವ ಆಯಾ ಉಸಿರಾಡುವುದು ವರ್ಷಗಟ್ಟಲೆ. ತಾಲ್ಲೂಕು ಆಸ್ಪತ್ರೆಯ ಸಿಸೇರಿಯನ್‌ಗೆ ಸಾಮಾನ್ಯವಾಗಿ ಬೆನ್ನಿಗೆ ಇಂಜೆಕ್ಷನ್ ಕೊಡುವುದರಿಂದ ಈ ಅನಿಲದ ಅಗತ್ಯವಿಲ್ಲ. ಆದರೆ ನೀವು ಹುಬ್ಬಳ್ಳಿಯ, ದಾವಣಗೆರೆಯ ದೊಡ್ಡ ಆಸ್ಪತ್ರೆಗೆ ಹೋದರೆ ದಿನವಿಡೀ ಅದರ ನಡುವೆಯೇ ಇರಬೇಕಾದೀತು.

1967ರಲ್ಲಿ ಸೋವಿಯತ್ ವೈದ್ಯ ವೈಸ್‌ಮನ್ ಮಹಿಳಾ ಅರಿವಳಿಕೆ ತಜ್ಞರನ್ನು ವಿಚಾರಿಸಿದಾಗ 31 ಗರ್ಭಗಳಲ್ಲಿ 18 ಉಳಿದಿರಲಿಲ್ಲ. ಸಣ್ಣ ಸಂಖ್ಯೆ, ಅದೊಂದರಿಂದ ತೀರ್ಮಾನಕ್ಕೆ ಬರಲಾಗದು. ಅದಕ್ಕಿಂತ ಮುಖ್ಯವಾದದ್ದು 1995ರಲ್ಲಿ ಪ್ರಕಟವಾದ ಅಮೆರಿಕದ ದಂತ ಸಹಾಯಕಿಯರ ಅಧ್ಯಯನ. ವಾರಕ್ಕೆ 3 ಗಂಟೆ ಅಥವಾ ಹೆಚ್ಚು ಹೊತ್ತು ನೈಟ್ರಸ್ ಆಕ್ಸೈಡ್ ನಡುವೆ ಕೆಲಸ ಮಾಡಿದವರಲ್ಲಿ ಗರ್ಭಪಾತ ಸುಮಾರು ಎರಡೂವರೆ ಪಟ್ಟು ಕಂಡುಬಂತು. ಆದರೆ ಅನಿಲವನ್ನು ಹೊರಗೊಯ್ಯುವ ವ್ಯವಸ್ಥೆಯಿದ್ದ ಕಡೆ ಈ ಹೆಚ್ಚಳ ಕಾಣಲಿಲ್ಲ! ಹೆದರಿ ಕೆಲಸ ಬಿಡಬೇಕಾಗಿಲ್ಲ ಎಂದು ನಾನು ಹೇಳುವುದು ಈ ಕಾರಣಕ್ಕೆ.

ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ 1977ರಲ್ಲಿ ಸೂಚಿಸಿದ ಮಿತಿ: ಗಾಳಿಯ ಹತ್ತು ಲಕ್ಷ ಭಾಗದಲ್ಲಿ ನೈಟ್ರಸ್ ಆಕ್ಸೈಡ್ 25, ಹ್ಯಾಲೋಥೇನ್‌ನಂಥವು 2. ಹ್ಯಾಲೋಥೇನ್‌ನ ಸಿಹಿ ವಾಸನೆ ಮೂಗಿಗೆ ಬಡಿಯುವಷ್ಟರಲ್ಲಿ ಆ ಮಿತಿ ಎಷ್ಟೋ ದಾಟಿರುತ್ತದೆ. ಮುಖಕ್ಕೆ ಕಟ್ಟುವ ಬಟ್ಟೆಯ ಮಾಸ್ಕ್ ಅನಿಲವನ್ನು ತಡೆಯುವುದಿಲ್ಲ. ಸ್ಪ್ಲಿಟ್ ಎ.ಸಿ.ಯೂ ಅಷ್ಟೇ, ಒಳಗಿನ ಗಾಳಿಯನ್ನೇ ತಣ್ಣಗೆ ಮಾಡಿ ಮತ್ತೆ ಕೊಡುತ್ತದೆ. ಓಟಿಯ ಗಾಳಿ ಗಂಟೆಗೆ 20 ಸಲ ಬದಲಾಗಬೇಕು, ಅದರಲ್ಲಿ 4 ಸಲವಾದರೂ ಹೊರಗಿನ ಹೊಸ ಗಾಳಿ ಬರಬೇಕು ಎಂಬುದು ಎನ್‌ಎಬಿಎಚ್ ಮಾರ್ಗಸೂಚಿ.

ಸೋರಿಕೆ ಬಹುಮಟ್ಟಿಗೆ ಕೈಯ ಅಭ್ಯಾಸದ ಮಾತು. ರೋಗಿಯ ಮುಖಕ್ಕೆ ಸರಿಹೊಂದದ ಮಾಸ್ಕ್, ಬಿರುಕುಬಿಟ್ಟ ರಬ್ಬರ್ ಕೊಳವೆ, ಮಾಸ್ಕ್ ಎತ್ತಿಟ್ಟ ಮೇಲೂ ತೆರೆದೇ ಇರುವ ಅನಿಲ. ವೇಪರೈಸರ್ ತುಂಬುವಾಗ ದ್ರವ ಚೆಲ್ಲಿದರೆ 1 ಮಿಲಿಲೀಟರ್‌ನಿಂದ ಸುಮಾರು 200 ಮಿಲಿಲೀಟರ್ ಆವಿ ಏಳುತ್ತದೆ. ಆದ್ದರಿಂದ ಆ ಕೆಲಸ ಜನ ಕಡಿಮೆಯಿರುವಾಗ, ಕೀಲಿಯಂತೆ ಕೂಡುವ ಸಾಧನದಿಂದಲೇ ಆಗಲಿ. ಬೆಳಿಗ್ಗೆ ಕೇಸು ಶುರುವಾಗುವ ಮೊದಲು ಯಂತ್ರದ ಸೋರಿಕೆ ಪರೀಕ್ಷೆ ತಪ್ಪಬಾರದು. ಮಕ್ಕಳಿಗೆ ಬಳಸುವ, ಬಾಲ ತೆರೆದಿರುವ ಚೀಲದ ಸರ್ಕ್ಯೂಟ್‌ನಿಂದ ಅನಿಲ ನೇರವಾಗಿ ಕೋಣೆಗೇ ಬರುತ್ತದೆ. ಅಲ್ಲಿ ಇನ್ನಷ್ಟು ಎಚ್ಚರ ಬೇಕು.

ಹೊರಬರುವ ಅನಿಲವನ್ನು ಅಗಲ ಕೊಳವೆಯಲ್ಲಿ ಗೋಡೆಯಾಚೆ ಬಿಡುವುದು ಸಣ್ಣ ಆಸ್ಪತ್ರೆಗೂ ಸಾಧ್ಯ. ಅದರ ಬಾಯಿ ಕಿಟಕಿಯ ಪಕ್ಕ ಇರಬಾರದು. ಆದರೆ ಸಕ್ಷನ್ ಯಂತ್ರಕ್ಕೆ ನೇರವಾಗಿ ಜೋಡಿಸಿದರೆ ರೋಗಿಯ ಶ್ವಾಸಕೋಶದ ಗಾಳಿಯನ್ನೇ ಎಳೆದೀತು. ಅದನ್ನು ತಿಳಿದವರಿಂದಲೇ ಮಾಡಿಸಬೇಕು.

ಆಪರೇಷನ್ ಮುಗಿದ ಮೇಲೂ ರೋಗಿ ಅನಿಲ ಹೊರಬಿಡುತ್ತಲೇ ಇರುತ್ತಾನೆ. ಚೇತರಿಕೆ ಕೊಠಡಿಗೆ ಗಾಳಿಯ ವ್ಯವಸ್ಥೆ ಬೇಕೆನ್ನುವುದನ್ನು ಬಹಳ ಜನ ಮರೆಯುತ್ತಾರೆ. ಗರ್ಭಿಣಿ ನರ್ಸನ್ನು ಹಗುರ ಕೆಲಸವೆಂದು ಓಟಿಯಿಂದ ಅಲ್ಲಿಗೆ ಕಳಿಸಿದರೆ, ಕಿಟಕಿ ಮುಚ್ಚಿದ್ದಲ್ಲಿ ಆಕೆಗೆ ಪ್ರಯೋಜನವೇನೂ ಆಗದು. ಕೆಲಸಕ್ಕೆ ಸೇರುವ ದಿನ ಯಂತ್ರದ ಹೊರಕೊಳವೆ ಎಲ್ಲಿಗೆ ಹೋಗುತ್ತದೆ ಎಂದು ಕೇಳಿ. ಗರ್ಭಿಣಿಯಾದಾಗ ಮೇಲ್ವಿಚಾರಕರಿಗೆ ಮೊದಲ ತಿಂಗಳುಗಳಲ್ಲೇ ತಿಳಿಸಿ, ಡ್ಯೂಟಿ ಬದಲಾವಣೆಯನ್ನು ಬರವಣಿಗೆಯಲ್ಲಿ ಕೇಳಿ, ಅರ್ಜಿಯ ಒಂದು ಪ್ರತಿಯನ್ನು ಮನೆಯಲ್ಲಿಟ್ಟುಕೊಳ್ಳಿ.